ತ್ರಿಪದಿಯ ಮೂಲ

ತ್ರಿಪದಿಯ ಹುಟ್ಟನ್ನು ಅರಸಹೊರಟವರು ಮೊದಲು ತಲಪುವುದು ಬಾದಾಮಿಯ ಬಂಡೆಗೆ. ಅಲ್ಲಿ ಕೆತ್ತಿರುವ ಕಪ್ಪೆ ಅರಭಟ್ಟನ ಶಾಸನವನ್ನು ಲಿಪಿಯ ಆಧಾರದಿಂದ ಸುಮಾರು ಕ್ರಿ. ಶ. 700ರದೆಂದು ವಿದ್ವಾಂಸರು ಗೊತ್ತುಮಾಡಿದ್ದಾರೆ. ಜೆ. ಎಫ್. ಫ್ಲೀಟ್ ಅವರು ಇದನ್ನು 1881ರಲ್ಲಿ ಪ್ರಕಟಿಸಿದರು. ವೀರನೊಬ್ಬನ ಗುಣವನ್ನು ಕೊಂಡಾಡುವ ಇದರ ಮೂರು ಪದ್ಯಗಳು ನಮಗೆ ದೊರೆತಿರುವ ತ್ರಿಪದಿಗಳಲ್ಲಿ ಅತ್ಯಂತ ಹಳೆಯವು. ಇಷ್ಟರಿಂದಲೇ ತ್ರಿಪದಿ ಆ ಕಾಲದಲ್ಲಿ ಹುಟ್ಟಿತೆಂದು ತರಗತಿಗಳಲ್ಲಿ ಹೇಳಿಬಿಡುವ ರೂಢಿಯುಂಟು. ಇದು ಸಾಧುವಲ್ಲ. ಆ ಪದ್ಯಗಳು ಆಗಲೇ ಪಳಗಿದ ಕೈಯ ರಚನೆಗಳು. ಅವು ತ್ರಿಪದಿಯ ಬಳಕೆಗೆ ಸಾಕ್ಷಿಯೇ ಹೊರತು ಹುಟ್ಟಿಗಲ್ಲ.

ಹೆಚ್ಚಿನ ಸುಳಿವು ದೊರೆಯುವುದು ಛಂದಸ್ಸಿನ ರಚನೆಯಲ್ಲಿಯೇ. ಲಾಕ್ಷಣಿಕರ ಪ್ರಕಾರ ತ್ರಿಪದಿಗೆ ಒಟ್ಟು 11 ಗಣಗಳು: ಮೊದಲೆರಡು ಸಾಲುಗಳಲ್ಲಿ ನಾಲ್ಕು ನಾಲ್ಕು, ಕೊನೆಯದರಲ್ಲಿ ಮೂರು. ಆರನೆಯದೂ ಹತ್ತನೆಯದೂ ಎರಡು ಅಂಶಗಳ ಬ್ರಹ್ಮಗಣ. ಉಳಿದವು ಮೂರು ಅಂಶಗಳ ವಿಷ್ಣುಗಣ. ಗಣದ ಮೊದಲ ಅಂಶ ಒಂದು ಗುರು ಅಥವಾ ಎರಡು ಲಘು. ಮುಂದಿನ ಅಂಶ ಗುರುವೂ ಆಗಬಹುದು, ಲಘುವೂ ಆಗಬಹುದು. ಆದುದರಿಂದ ಬರೆದಾಗ ಒಂದೇ ಬಗೆಯ ಎರಡು ಗಣಗಳ ಅಳತೆ ಬೇರೆಯಾಗಿ ಕಾಣುತ್ತದೆ, ಹಾಡುವಾಗ ಎಳೆದು ಸರಿದೂಗಿಸುತ್ತಾರೆ. ಸಂಸ್ಕೃತದಿಂದ ಬಂದ ವೃತ್ತಗಳಿಗಾಗಲಿ ಪ್ರಾಕೃತದಿಂದ ಬಂದ ಕಂದಕ್ಕಾಗಲಿ ಈ ಸಡಿಲತೆ ಇಲ್ಲ. ಹಾಡಿನಿಂದ ಹುಟ್ಟಿದ ಛಂದಸ್ಸಿಗಲ್ಲದೆ ಇಂಥ ನಿಯಮ ಒಪ್ಪುವುದಿಲ್ಲವೆಂದು ನಮ್ಮ ಅಭಿಪ್ರಾಯ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಚತ್ತಾಣದ ಲಕ್ಷಣವನ್ನು ಹೇಳುವಾಗ ಇದನ್ನು ‘ತಿವದಿ’ ಎಂಬ ತದ್ಭವರೂಪದಲ್ಲಿಯೇ ಹೆಸರಿಸುವುದೂ ಗಮನಾರ್ಹ.

ಚೀನಾದೇಶದ ಚರಿತ್ರಕಾರರಿಗೆ ಈ ವಿಷಯದಲ್ಲಿ ನಮಗಿಲ್ಲದ ಅನುಕೂಲವೊಂದುಂಟು. ಹಾನ್ ವಂಶದ ಚಕ್ರವರ್ತಿ ವೂ (ಕ್ರಿ. ಪೂ. 141–87) ‘ಯೂಯೆಫು’ ಎಂಬ ಸಂಗೀತ ಇಲಾಖೆಯನ್ನು ಬೆಳೆಸಿ ಪ್ರಾಂತಗಳ ಹಾಡುಗಳನ್ನು ಸಂಗ್ರಹಿಸಲು ಅಪ್ಪಣೆಮಾಡಿದನೆಂದು ಅಲ್ಲಿನ ಇತಿಹಾಸಗ್ರಂಥಗಳು ಹೇಳುತ್ತವೆ. ಇಲಾಖೆ ಕ್ರಿ. ಪೂ. 7ರಲ್ಲಿ ರದ್ದಾದರೂ ಅದರ ಹೆಸರು ಒಂದು ಕಾವ್ಯಪ್ರಕಾರಕ್ಕೆ ಉಳಿಯಿತು. ಬಾದಾಮಿಯ ಚಾಲುಕ್ಯರಲ್ಲಿ ಅಂಥ ಇಲಾಖೆಯಿದ್ದುದಕ್ಕೆ ಆಧಾರವಿಲ್ಲ. ನಮ್ಮ ಬೀಸುವ ಪದಗಳು ದೊಡ್ಡ ಪ್ರಮಾಣದಲ್ಲಿ ಅಚ್ಚಾದುದು ಹಲಸಂಗಿಯ ಗೆಳೆಯರ ‘ಗರತಿಯ ಹಾಡು’ (1931) ಮುಂತಾದ ಸಂಕಲನಗಳಲ್ಲಿ. ನಡುವೆ ಸಾವಿರದ ಇನ್ನೂರು ವರ್ಷಗಳ ಅಂತರ! ಈ ಅವಧಿಯಲ್ಲಿ ಅಂಶಗಣ ಮಾತ್ರಾಗಣದತ್ತ ಬಹುಮಟ್ಟಿಗೆ ಸರಿದಿದೆ. ಇಂದಿನ ಹಾಡನ್ನೇ ಶಾಸನದ ಮೂಲವೆನ್ನುವಂತಿಲ್ಲ. ಆದರೆ ಹಾಡುವ ಕ್ರಮ ಪದಗಳಿಗಿಂತ ಹಳೆಯದಿರಬಹುದು. ಎರಡನೆಯ ಸಾಲಿನ ಭಾಗವನ್ನು ಮರಳಿ ಹಾಡುವ ವಾಡಿಕೆಯಿಂದಲೇ ಸಾಂಗತ್ಯ ಹುಟ್ಟಿತೆಂಬ ವಾದವನ್ನು ಇಲ್ಲಿ ನೆನೆಯಬಹುದು.

ಮುದ್ರಿತ ಸಂಕಲನಗಳಲ್ಲಿ ಪದ ಉಳಿದಿದೆ, ಎಳೆತ ಉಳಿದಿಲ್ಲ. ಅಂಶಗಣದ ತೀರ್ಮಾನಕ್ಕೆ ಬೇಕಾದುದು ಎಳೆತವೇ. ಬೀಸುವ ಕಲ್ಲು ಮೂಲೆ ಸೇರಿ ಬಹುಕಾಲವಾಯಿತು. ಆದರೂ ವಿಜಯಪುರ, ಬಾಗಲಕೋಟೆಗಳಿಂದ ಪೀಣ್ಯದ ಕಾರ್ಖಾನೆಗಳಿಗೆ ಬಂದು ನೆಲಸಿದ ಕುಟುಂಬಗಳಲ್ಲಿ ಆ ಪದಗಳನ್ನು ಬಲ್ಲ ಅಜ್ಜಿಯರನ್ನು ಹುಡುಕಲು ಇನ್ನೂ ಅವಕಾಶವಿದೆ. ಅವರ ಮೊಮ್ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ, ಧ್ವನಿಮುದ್ರಣದ ಸಾಧನ ಅವರ ಜೇಬಿನಲ್ಲಿದೆ. ಧ್ವನಿ ಹಿಡಿಯುವವರು ಪುನರಾವೃತ್ತಿಯನ್ನು ಕತ್ತರಿಸದೆ ಹಾಡನ್ನು ಪೂರ್ತಿಯಾಗಿ ದಾಖಲಿಸಬೇಕು. ಹಾಡಿದವರು ಅದನ್ನು ಯಾವ ಊರಲ್ಲಿ, ಯಾರಿಂದ ಕಲಿತರೆಂಬುದನ್ನೂ ಬರೆದಿಡಬೇಕು.