ಮರಿ ಹಾಕುವ ಮೀನು ತೊರಕೆ



ಬೂತಾಯಿ, ಬಂಗುಡೆ ನಮಗೆಲ್ಲ ಗೊತ್ತು. ತೊರಕೆಯನ್ನೂ ನೋಡಿದ್ದೇವೆ. ಮೊರದ ಹಾಗೆ ಅಗಲವಾದ ಮೈ. ಚಾಟಿಯಂಥ ಬಾಲ. ಬಾಲದಲ್ಲಿ ವಿಷದ ಮುಳ್ಳು. ಆದರೆ ತೊರಕೆಯ ಬಾಳು ಹೇಗೆ ಅಂತ ಯೋಚಿಸಿದ್ದೇವೆಯೇ?

ಬೂತಾಯಿ ಸಾವಿರಾರು ಮೊಟ್ಟೆ ಇಡುತ್ತದೆ. ತೊರಕೆ ಹಾಗಲ್ಲ. ಹೊಟ್ಟೆಯೊಳಗೇ ಮರಿ ಬೆಳೆಸಿ ಹೆರುತ್ತದೆ.

ತೊರಕೆಯಲ್ಲಿ ಹಲವು ಜಾತಿ ಇವೆ. ಅಮೆರಿಕದ ಫ್ಲೋರಿಡಾ ಕರಾವಳಿಯಲ್ಲಿ ಒಂದು ಸಣ್ಣ ಜಾತಿ ಇದೆ. ಅದರ ಹೆಸರು ಅಟ್ಲಾಂಟಿಕ್ ತೊರಕೆ. ವಿಜ್ಞಾನಿಗಳು ಅದನ್ನು ಚೆನ್ನಾಗಿ ಪರೀಕ್ಷಿಸಿದ್ದಾರೆ. ಅದು ಸುಮಾರು 4 ತಿಂಗಳು ಬಸುರಿ. ವರ್ಷಕ್ಕೆ ಒಂದೇ ಹೆರಿಗೆ. ಒಂದು ಹೆರಿಗೆಗೆ 1ರಿಂದ 4 ಮರಿ, ಅಷ್ಟೇ!

ಮೊದಲು ಮರಿಗೆ ಮೊಟ್ಟೆಯ ಭಂಡಾರವೇ ಊಟ. ಅದು ಮುಗಿದ ಮೇಲೆ ಏನು? ತಾಯಿಯ ಗರ್ಭಚೀಲದ ಗೋಡೆಯಲ್ಲಿ ನೂಲಿನಂಥ ಎಳೆಗಳಿವೆ. ಅವುಗಳಿಂದ ಹಾಲಿನಂಥ ರಸ ಬರುತ್ತದೆ. ಮರಿ ಅದನ್ನು ಕುಡಿದು ಬೆಳೆಯುತ್ತದೆ. ಹುಟ್ಟುವಾಗ ಮರಿಯ ಮುಳ್ಳಿಗೆ ಮೆತ್ತನೆಯ ಹೊದಿಕೆ ಇರುತ್ತದೆ. ಹಾಗಾಗಿ ತಾಯಿಗೆ ಗಾಯವಾಗುವುದಿಲ್ಲ.

ಇಷ್ಟಕ್ಕೆಲ್ಲ ಶಕ್ತಿ ಬೇಕಲ್ಲ? ನಮ್ಮ ಮನೆ ಖರ್ಚಿನ ಲೆಕ್ಕ ನೆನಪಿಗೆ ತನ್ನಿ. ಬಂದ ಹಣದಲ್ಲಿ ಅಕ್ಕಿಗಿಷ್ಟು, ಮಕ್ಕಳಿಗಿಷ್ಟು, ಔಷಧಿಗಿಷ್ಟು. ತೊರಕೆಗೂ ಹಾಗೆಯೇ. ಅದು ಸಿಗಡಿ, ಹುಳ, ಚಿಪ್ಪಿನ ಜೀವಿಗಳನ್ನು ತಿನ್ನುತ್ತದೆ. ಆ ಊಟದ ಶಕ್ತಿಯಲ್ಲಿ ಉಸಿರಾಟಕ್ಕೆ ಒಂದು ಪಾಲು. ಈಜುವುದಕ್ಕೆ ಒಂದು ಪಾಲು. ಉಳಿದದ್ದು ಮೈ ಬೆಳೆಯಲು. ಪ್ರಾಯಕ್ಕೆ ಬಂದ ಮೇಲೆ ಹೆಣ್ಣಿನ ಶಕ್ತಿ ಮರಿಗಳ ಕಡೆಗೆ ಹೋಗುತ್ತದೆ. ಆಗ ಅದರ ಮೈ ನಿಧಾನ ಬೆಳೆಯುತ್ತದೆ.

ಶಕ್ತಿ ಉಳಿಸಲು ತೊರಕೆ ಮರಳಲ್ಲಿ ಹೂತುಕೊಂಡು ಸುಮ್ಮನೆ ಮಲಗುತ್ತದೆ. ಅದರ ಮೈಗೆ ಸ್ವಂತ ಬಿಸಿ ಇಲ್ಲ. ನೀರು ಹೇಗೋ ಮೈಯೂ ಹಾಗೆ. ಬಸುರಿ ತೊರಕೆ ತುಸು ಬೆಚ್ಚಗಿನ ನೀರನ್ನು ಹುಡುಕುತ್ತದೆ. ಬೆಚ್ಚಗಿದ್ದರೆ ಮರಿ ಬೇಗ ಬೆಳೆಯುತ್ತದೆ.

ತೊರಕೆಯ ವಯಸ್ಸು ತಿಳಿಯುವುದು ಹೇಗೆ? ಬೆನ್ನುಮೂಳೆಯ ಮಣಿಗಳಲ್ಲಿ ಬಳೆಯಂಥ ಗೆರೆಗಳಿರುತ್ತವೆ. ವಿಜ್ಞಾನಿಗಳು ಅವನ್ನು ಎಣಿಸುತ್ತಾರೆ.

ಇದನ್ನೆಲ್ಲ ನಾವು ಏಕೆ ತಿಳಿಯಬೇಕು? ತೊರಕೆಗೆ ಮರಿಗಳು ಕಡಿಮೆ. ಆ ಮರಿ ತಾಯಾಗಲು ಕೆಲವು ವರ್ಷ ಬೇಕು. ಬಲೆಗೆ ಬಿದ್ದ ಬಸುರಿ ತೊರಕೆ ದಿನ ತುಂಬುವ ಮೊದಲೇ ಮರಿ ಹಾಕಿಬಿಡುವುದುಂಟು. ಹೀಗೆ ತಾಯಿಯನ್ನೂ ಮರಿಯನ್ನೂ ಹಿಡಿದರೆ ನಾಳೆ ಬುಟ್ಟಿಗೆ ಏನು ತುಂಬುವುದು? ಬಸುರಿ ತೊರಕೆ, ಸಣ್ಣ ತೊರಕೆ ಜೀವಂತ ಸಿಕ್ಕರೆ ಹುಷಾರಾಗಿ ಕಡಲಿಗೆ ಬಿಡಲು ಮನೆಯವರಿಗೆ ಹೇಳೋಣ. ಮೀನು ಮಾರುವ ನಮ್ಮ ಮಾತಿಗೂ ಬೆಲೆ ಉಂಟು.

ಇನ್ನೊಂದು ಮಾತು. ಕೈಗೋ ಕಾಲಿಗೋ ತೊರಕೆ ಮುಳ್ಳು ಚುಚ್ಚಿದರೆ ಆ ಜಾಗವನ್ನು ತಾಳುವಷ್ಟು ಬಿಸಿಯ ನೀರಿನಲ್ಲಿ ಇಡಬೇಕು. ಚರ್ಮ ಸುಡಬಾರದು. ನೋವು ಕಡಿಮೆಯಾಗುತ್ತದೆ. ಆಮೇಲೆ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಎದೆಗೆ, ಹೊಟ್ಟೆಗೆ ಚುಚ್ಚಿದ ಮುಳ್ಳನ್ನು ನಾವೇ ಕೀಳಬಾರದು. ನೇರ ಆಸ್ಪತ್ರೆಗೆ ಹೋಗಬೇಕು.

ಓದಿದ್ದು ನೆನಪಿದೆಯೇ? ಹೇಳಿ ನೋಡೋಣ:
1. ತೊರಕೆ ಮರಿಗೆ ಹೊಟ್ಟೆಯೊಳಗೆ ಊಟ ಎಲ್ಲಿಂದ ಬರುತ್ತದೆ?
2. ಬಸುರಿ ತೊರಕೆಯನ್ನು ಏಕೆ ಕಡಲಿಗೆ ಬಿಡಬೇಕು?