ಭಾರೀ ಹೊರೆಯೂ ರಹದಾರಿಯೂ

ನೂರಾರು ಚಕ್ರಗಳ ವಾಹನವೊಂದು ಹೆದ್ದಾರಿಯಲ್ಲಿ ಆಮೆಯ ನಡೆಯಿಂದ ಸಾಗುವುದನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಅದರ ಹಿಂದೆ ಮುಂದೆ ಪೋಲೀಸಿನವರು ನಡೆಯುತ್ತಾರೆ. ವಿದ್ಯುತ್ ಖಾತೆಯ ಕೆಲಸಗಾರರು ತಂತಿಗಳನ್ನು ಮೇಲೆತ್ತುತ್ತಾರೆ. ಜನರು ಗುಂಪುಗೂಡಿ ಬೆರಗಾಗಿ ನೋಡುತ್ತಾರೆ. ಅದೇ ದಾರಿಯಲ್ಲಿ ರಾತ್ರಿಯ ಹೊತ್ತು ಮರಳು, ಜಲ್ಲಿ, ಅದಿರುಗಳನ್ನು ಮೇರೆ ಮೀರಿ ತುಂಬಿಕೊಂಡ ಲಾರಿಗಳು ಸಾಲಾಗಿ ಹಾದುಹೋಗುತ್ತವೆ. ಅವನ್ನು ನಿಂತು ನೋಡುವವರಿಲ್ಲ. ತಡೆದು ತೂಗುವವರು ಅದಕ್ಕಿಂತಲೂ ವಿರಳ. ಮೊದಲನೆಯ ವಾಹನಕ್ಕೆ ಸರಕಾರದ ರಹದಾರಿಯುಂಟು, ಎರಡನೆಯದಕ್ಕೆ ಇಲ್ಲ. ಪ್ರಜೆಗಳ ಹಣದಿಂದ ಕಟ್ಟಿದ ರಸ್ತೆಗಳನ್ನು ನುಗ್ಗುನುರಿ ಮಾಡುತ್ತಿರುವುದು ಇವೆರಡರಲ್ಲಿ ಯಾವುದೆಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಕಾನೂನು ಸ್ಪಷ್ಟವಾಗಿಯೇ ಇದೆ. ಸಾಮಾನ್ಯ ಲಾರಿಯ ಅಗಲವು ೨.೬ ಮೀಟರುಗಳನ್ನೂ ಎತ್ತರವು ೪ ಮೀಟರುಗಳನ್ನೂ ಮೀರಕೂಡದು. ೨೦೧೮ರ ಜುಲೈ ತಿಂಗಳಲ್ಲಿ ಭಾರತ ಸರಕಾರದವರು ತೂಕದ ಮಿತಿಯನ್ನು ಸಡಿಲಿಸಿ, ನಾಲ್ಕು ಚಕ್ರಗಳುಳ್ಳ ಒಂದು ಅಚ್ಚಿನ ಮೇಲೆ ೧೦.೨ ಟನ್ನುಗಳಿದ್ದುದನ್ನು ೧೧.೫ಕ್ಕೂ, ಒಟ್ಟು ಭಾರದ ಪರಮಾವಧಿಯನ್ನು ೪೯ರಿಂದ ೫೫ ಟನ್ನುಗಳಿಗೂ ಏರಿಸಿದರು. ಇದನ್ನು ಮೀರಿದ ಹೊರೆಗೆ ವಿಶೇಷ ಅನುಮತಿ ಬೇಕು. ಆ ಅನುಮತಿಯ ಹಿಂದಿರುವ ತತ್ವವು ಒಂದೇ: ಹೊರೆಯು ಒಡೆದು ಹಂಚಲಾಗದ್ದಾಗಿರಬೇಕು. ವಿದ್ಯುತ್ ಪರಿವರ್ತಕವನ್ನು ಎರಡಾಗಿ ಸೀಳಿ ಎರಡು ಲಾರಿಗಳಲ್ಲಿ ಕಳುಹಿಸಲಾಗದು. ಚಿತ್ರದುರ್ಗ, ಗದಗ ಸೀಮೆಗಳ ಗಾಳಿಯಂತ್ರಗಳಿಗೆ ಬರುವ, ಐವತ್ತು ಮೀಟರಿಗೂ ಉದ್ದವಾದ ರೆಕ್ಕೆಯನ್ನು ತುಂಡರಿಸಲಾಗದು. ಮರಳಿನ ರಾಶಿಯನ್ನಾದರೋ ಎಷ್ಟು ಪಾಲು ಬೇಕಾದರೂ ಮಾಡಬಹುದು. ಅದರ ಮೇಲೆ ಅತಿಭಾರವು ಬೀಳುವುದು ಅನಿವಾರ್ಯತೆಯಿಂದಲ್ಲ, ಲೋಭದಿಂದ.

ರಹದಾರಿ ಪಡೆದವರ ಶ್ರಮ ಎಂಥದೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ಬೆಂಗಳೂರಿನ ಈಜಿಪುರದ ಕೋದಂಡರಾಮಸ್ವಾಮಿ ದೇವಾಲಯಕ್ಕಾಗಿ ತಮಿಳುನಾಡಿನ ಕೊರಕೋಟೈ ಗ್ರಾಮದಿಂದ ಮುನ್ನೂರು ಟನ್ನುಗಳಿಗೂ ಮಿಗಿಲಾದ ಏಕಶಿಲೆಯ ವಿಷ್ಣುಮೂರ್ತಿಯನ್ನು ೨೪೦ ಚಕ್ರಗಳ ವಾಹನದಲ್ಲಿ ತರಲಾಯಿತು. ದಾರಿಯ ಇಕ್ಕೆಲಗಳಲ್ಲಿ ಮನೆ ಅಂಗಡಿಗಳ ಭಾಗಗಳನ್ನು ಕೆಡವಬೇಕಾಯಿತು. ಕೃಷ್ಣಗಿರಿ ಜಿಲ್ಲೆಯಲ್ಲಿ ಸೇತುವೆಯನ್ನು ನಂಬಲಾಗದೆ ದಕ್ಷಿಣ ಪಿನಾಕಿನಿಯ ಪಾತ್ರದಲ್ಲಿ ತಾತ್ಕಾಲಿಕವಾದ ಮಣ್ಣಿನ ದಾರಿ ಹಾಕಬೇಕಾಯಿತು. ೨೦೧೮ರ ಕೊನೆಯಲ್ಲಿ ಹೊರಟ ಮೂರ್ತಿಯು ಊರು ಸೇರಿದ್ದು ೨೦೧೯ರ ಜೂನ್ ತಿಂಗಳಲ್ಲಿ. ತಿರುವನಂತಪುರದ ವಿಕ್ರಮ ಸಾರಾಭಾಯಿ ಬಾಹ್ಯಾಕಾಶ ಕೇಂದ್ರಕ್ಕೆ ಮಹಾರಾಷ್ಟ್ರದಿಂದ ಹೊರಟ ೭೦ ಟನ್ನಿನ ಯಂತ್ರವೊಂದು ೭.೫ ಮೀಟರು ಎತ್ತರವಿದ್ದುದರಿಂದ, ೨೦೧೯ರ ಜುಲೈಯಿಂದ ೨೦೨೦ರ ಜುಲೈವರೆಗೆ ಒಂದು ವರ್ಷ ಪೂರ್ತಿ ದಾರಿಯಲ್ಲಿಯೇ ಕಳೆಯಿತು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಆ ಮೂರ್ತಿಯನ್ನೂ ಅದನ್ನು ಹೊತ್ತ ವಾಹನವನ್ನೂ ಕೂಡಿಸಿ ಐನೂರು ಟನ್ನುಗಳೆಂದೇ ಇಟ್ಟುಕೊಂಡರೂ ಚಕ್ರವೊಂದಕ್ಕೆ ಬೀಳುವ ಭಾರ ಎರಡು ಟನ್ನಿಗಿಂತ ಕೊಂಚ ಹೆಚ್ಚು ಮಾತ್ರ. ಕಾನೂನಿಗೆ ಒಳಪಟ್ಟ ಸಾಧಾರಣ ಲಾರಿಯ ಹಿಂದಣ ಚಕ್ರಕ್ಕೆ ಸುಮಾರು ೨.೯ ಟನ್ನು. ಎಂದರೆ ರಸ್ತೆಯ ಮೈಗೆ ಆ ಮಹಾಭಾರವು ನಿತ್ಯದ ಲಾರಿಗಿಂತಲೂ ಹಗುರವಾಗಿಯೇ ತಗಲಿತು! ಅಮೇರಿಕೆಯ ಇಲಿನಾಯ್ ಪ್ರಾಂತದಲ್ಲಿ ೧೯೫೮ರಿಂದ ೧೯೬೦ರವರೆಗೆ ಎಂಜಿನಿಯರುಗಳು ನಡೆಸಿದ ಪರೀಕ್ಷೆಯಿಂದ ತಿಳಿದುಬಂದುದೇನೆಂದರೆ, ಅಚ್ಚಿನ ಮೇಲಣ ಭಾರವು ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿಯು ಸುಮಾರು ಹದಿನಾರು ಮಡಿಯಾಗುತ್ತದೆ. ಕಾಲುಭಾಗ ಹೆಚ್ಚು ತುಂಬಿದರೂ ಸಾಕು, ಹಾನಿಯು ಎರಡೂವರೆ ಮಡಿಯ ಸಮೀಪಕ್ಕೆ ಏರುತ್ತದೆ.

ಸೇತುವೆಯ ಮಾತು ಬೇರೆ. ಅದು ಒಟ್ಟು ಭಾರವನ್ನು ಹೊರಬೇಕು. ಆದರೆ ಅದಕ್ಕೂ ಮಾರ್ಗವುಂಟು. ಭಾರತೀಯ ರಸ್ತೆ ಕಾಂಗ್ರೆಸ್ಸಿನವರು ಹೊಸ ಸೇತುವೆಗಳಿಗಾಗಿ ೩೮೫ ಟನ್ನುಗಳ ವಿಶೇಷ ವಾಹನದ ಲೆಕ್ಕವನ್ನು ನಿಗದಿ ಮಾಡಿದ್ದಾರೆ. ಆ ವಾಹನವು ಗಂಟೆಗೆ ಐದು ಕಿಲೋಮೀಟರು ಮೀರದೆ, ಸೇತುವೆಯ ನಡುಮಧ್ಯದಲ್ಲಿ, ಬೇರೆ ಯಾವ ಗಾಡಿಯೂ ಇಲ್ಲದಾಗ, ಥಟ್ಟನೆ ತಡೆ ಹಾಕದೆ ಸಾಗಬೇಕು. ರಹದಾರಿಯ ಷರತ್ತುಗಳಿಗೆ ಇರುವ ಅರ್ಥವೇ ಇದು. ಅನುಮತಿ ಕೇಳಿದವನ ಭಾರ ಗೊತ್ತು, ದಾರಿ ಗೊತ್ತು, ವೇಗ ಗೊತ್ತು. ಕಳ್ಳಭಾರದ ಲಾರಿಗೆ ಇವು ಯಾವುವೂ ಇಲ್ಲ. ಹಳೆಯ ಸೇತುವೆಯ ಮೇಲೆ ಅದು ಭರದಿಂದ ನುಗ್ಗುತ್ತದೆ.

ಈ ಅನಾಚಾರವು ಅಧಿಕಾರಸ್ಥರಿಗೆ ತಿಳಿಯದ್ದೇನಲ್ಲ. ಹಣ ಪಡೆದು ಅತಿಭಾರಕ್ಕೆ ಚೀಟಿ ಕೊಡುತ್ತಿದ್ದ ಕೆಲವು ರಾಜ್ಯಗಳ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯವು ೨೦೦೫ರಲ್ಲಿ ನ್ಯಾಯಬಾಹಿರವೆಂದು ಸಾರಿ, ಹೆಚ್ಚಿನ ಹೊರೆಯನ್ನು ಇಳಿಸಿಯೇ ತೀರಬೇಕೆಂದು ವಿಧಿಸಿತು. ಬಳ್ಳಾರಿಯ ಅದಿರು ಲಾರಿಗಳ ಅತಿಭಾರವು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ವಿಚಾರಣೆಯಲ್ಲಿ ಬೆಳಕಿಗೆ ಬಂದಿತು. ೨೦೧೯ರಲ್ಲಿ ಮೋಟಾರು ವಾಹನ ಕಾನೂನಿನ ೧೯೪ನೆಯ ಕಲಮನ್ನು ತಿದ್ದಿ, ೨೦,೦೦೦ ರೂಪಾಯಿ ಜುಲ್ಮಾನೆಯನ್ನೂ, ಹೆಚ್ಚಿನ ಒಂದೊಂದು ಟನ್ನಿಗೆ ೨,೦೦೦ ರೂಪಾಯಿಯನ್ನೂ ಗೊತ್ತುಮಾಡಲಾಯಿತು. ತೂಕಕ್ಕೆ ನಿಲ್ಲದೆ ಹೋದರೆ ೪೦,೦೦೦ ರೂಪಾಯಿ. ಹೊರೆ ಇಳಿಸದೆ ಲಾರಿಯು ಕದಲಕೂಡದೆಂಬುದೂ ಅದರಲ್ಲಿಯೇ ಇದೆ. ಆದರೆ ತೂಗದೆ ಇದ್ದಲ್ಲಿ ಜುಲ್ಮಾನೆ ಎಲ್ಲಿಂದ ಹುಟ್ಟೀತು?

ಆದುದರಿಂದ ನಾವು ಅಧಿಕಾರಿಗಳಲ್ಲಿ ಮೂರು ಸೂಚನೆಗಳನ್ನು ಮಾಡಬಯಸುತ್ತೇವೆ. ಮೊದಲನೆಯದು, ತೂಕವು ರಸ್ತೆಯ ನಡುವೆಯಲ್ಲ, ಗಣಿ ಕ್ವಾರಿಗಳ ಬಾಯಲ್ಲಿಯೇ ನಡೆಯತಕ್ಕದ್ದು. ತೂಕದ ಚೀಟಿಯಿಲ್ಲದೆ ಒಂದು ಲಾರಿಯೂ ಹೊರಬೀಳಬಾರದು. ಎರಡನೆಯದು, ಶಿಕ್ಷೆಯು ದಿನಗೂಲಿಯಂತೆ ದುಡಿಯುವ ಚಾಲಕನ ತಲೆಗೆ ಮಾತ್ರ ಕಟ್ಟಲ್ಪಡಬಾರದು. ಮಾಲಿಕನಿಗೆ ತಿಳಿದೇ ಈ ಅಪರಾಧ ನಡೆಯಿತೆಂದು ಭಾವಿಸಲು ೧೧೩ನೆಯ ಕಲಮು ನ್ಯಾಯಾಲಯಕ್ಕೆ ಅಧಿಕಾರ ಕೊಟ್ಟಿದೆ, ಅದನ್ನು ಉಪಯೋಗಿಸಬೇಕು. ಮೂರನೆಯದು, ನಿಜವಾಗಿ ಒಡೆಯಲಾಗದ ಹೊರೆಗೆ ರಹದಾರಿಯು ಬೇಗ ದೊರೆಯಬೇಕು, ದಾರಿಯ ಊರವರಿಗೆ ಮುಂಚಿತವಾಗಿ ತಿಳಿಯಬೇಕು, ಕೆಡವಿದ ಗೋಡೆಗೆ ಪರಿಹಾರ ಸಿಕ್ಕಬೇಕು. ಕೇಳಿದವನನ್ನು ಕಚೇರಿಯಿಂದ ಕಚೇರಿಗೆ ಅಲೆಸಿ, ಕೇಳದವನನ್ನು ಕಣ್ಣುಮುಚ್ಚಿ ಬಿಟ್ಟರೆ, ಕಾನೂನನ್ನು ಪಾಲಿಸುವುದೇ ನಷ್ಟವೆಂಬ ಪಾಠವನ್ನು ಸರಕಾರವೇ ಕಲಿಸಿದಂತಾಗುತ್ತದೆ.

ಒಂದು ಲಾರಿ ಮರಳನ್ನು ಅಗ್ಗವಾಗಿ ಕೊಂಡೆವೆಂದು ಸಂತೋಷಪಡುವ ಗೃಹಸ್ಥರಿಗೂ ನಾವು ಒಂದು ಮಾತು ಹೇಳಬೇಕಾಗಿದೆ. ಉಳಿದ ಆ ಹಣವನ್ನು ಅವರೇ ತೆರಿಗೆಯಾಗಿ ಮತ್ತೆ ತೆರುತ್ತಾರೆ. ಕುಸಿದ ರಸ್ತೆಯಲ್ಲಿ ರಾತ್ರಿ ನಡೆಯುವವರೂ ಅವರ ಮನೆಯವರೇ. ಮುಂದಿನ ಹೊರೆಯನ್ನು ಇಳಿಸಿಕೊಳ್ಳುವ ಮುನ್ನ ತೂಕದ ಚೀಟಿಯನ್ನು ಕೇಳುವುದು ಅವರ ಕೈಯಲ್ಲಿಯೇ ಇದೆ.