ತಾರಸಿಯೊಳಗಿನ ಕಂಬಿ

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿಗೆ ಕಾಂಕ್ರೀಟಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ತಂದೆಯವರು ಕಂಬಿ ಕಟ್ಟುವ ಕೆಲಸದವರು. ಓದಿದ್ದು ನಾಲ್ಕನೆಯ ತರಗತಿ. ಈ ಊರಿನಲ್ಲಿ ಅವರು ಕಂಬಿ ಕಟ್ಟಿದ ತಾರಸಿಗಳಿಗೆ ಲೆಕ್ಕವಿಲ್ಲ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ರಜೆಯಲ್ಲಿ ಅವರೊಡನೆ ಹೋಗಿ ಕಣ್ಣಾರೆ ಕಂಡುದನ್ನೂ ಆಮೇಲೆ ಪುಸ್ತಕಗಳಿಂದ ತಿಳಿದುದನ್ನೂ ಕೂಡಿಸಿ ಇಲ್ಲಿ ಬರೆದಿದ್ದೇನೆ. ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ಕಳೆದ ಬೇಸಿಗೆಯಲ್ಲಿ ಪೇಟೆಯ ಮನೆಯೊಂದರ ಯಜಮಾನರು ತಂದೆಯವರನ್ನು ಕರೆಸಿದರು. ಮಹಡಿಗೆ ಮನೆಯೊಳಗಿನಿಂದಲೇ ಮೆಟ್ಟಿಲಾಗಬೇಕು. ಅದಕ್ಕಾಗಿ ನಡುಮನೆಯ ತಾರಸಿಯಲ್ಲಿ ಮೂರು ಅಡಿ ಅಗಲ, ಹತ್ತು ಅಡಿ ಉದ್ದದ ಕಂಡಿ ಕೊರೆಯಬೇಕು. "ಎರಡು ದಿನದ ಕೆಲಸ, ಏನಂತೀರಿ ಮೇಸ್ತ್ರಿ?" ಎಂದರು. ತಂದೆಯವರು ಏಣಿ ಹತ್ತಿ, ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟು ಕೇಳಿದರು. "ಸ್ವಾಮಿ, ಒಳಗೆ ಕಂಬಿ ಯಾವ ಕಡೆಗೆ ಓಡಿದೆಯೋ ಗೊತ್ತಿಲ್ಲ. ನಕ್ಷೆ ಇದ್ದರೆ ಕೊಡಿ, ಇಲ್ಲವಾದರೆ ಎಂಜಿನಿಯರನ್ನು ಕರೆಸಿ" ಎಂದರು. ನಕ್ಷೆ ಎಂದೋ ಕಳೆದುಹೋಗಿತ್ತು. ಯಜಮಾನರು ನಕ್ಕುಬಿಟ್ಟರು. ತಂದೆಯವರು ಕೆಲಸ ಒಪ್ಪದೆ ಹಿಂದಿರುಗಿದರು. ಆ ವಾರ ಬೇರೆ ಕೂಲಿ ಇರಲಿಲ್ಲ. ನನ್ನ ಪರೀಕ್ಷೆಯ ಶುಲ್ಕ ಕಟ್ಟಬೇಕಾದುದೂ ಅದೇ ವಾರ. ನನಗೆ ಸಿಟ್ಟು ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಕಂಬಿ ಯಾವ ಕಡೆಗೆ ಓಡಿದೆ ಎಂಬ ಪ್ರಶ್ನೆಯಲ್ಲಿಯೇ ವಿಷಯವೆಲ್ಲ ಅಡಗಿದೆಯೆಂದು ಆಗ ನಾನರಿಯೆ. ಕಾಲುವೆಯ ಮೇಲೆ ಹಲಗೆ ಹಾಕಿ ನಡುವೆ ನಿಂತರೆ ಹಲಗೆ ಬಾಗುತ್ತದೆ. ಅದರ ಮೇಲ್ಮೈ ಅದುಮಿಕೊಳ್ಳುತ್ತದೆ, ಕೆಳಮೈ ಹಿಗ್ಗುತ್ತದೆ. ತಾರಸಿಯೂ ಹೀಗೆಯೇ. ಕಾಂಕ್ರೀಟು ಅದುಮುವ ಭಾರವನ್ನು ಚೆನ್ನಾಗಿ ಹೊರುತ್ತದೆ. ಎಳೆತವನ್ನು ತಾಳುವ ಶಕ್ತಿ ಮಾತ್ರ ಅದರ ಸುಮಾರು ಹತ್ತರಲ್ಲೊಂದು ಪಾಲು. ಆದುದರಿಂದ ಎಳೆತ ಬೀಳುವ ಕೆಳಭಾಗದಲ್ಲಿ ಉಕ್ಕಿನ ಕಂಬಿಯನ್ನಿಡುತ್ತಾರೆ. ಕೋಣೆಯ ಉದ್ದವು ಅಗಲದ ಎರಡರಷ್ಟಕ್ಕಿಂತ ಹೆಚ್ಚಾಗಿದ್ದರೆ ಭಾರ ಹೊರುವ ಮುಖ್ಯ ಕಂಬಿಗಳು ಅಗಲದ ಕಡೆಗೆ, ಗೋಡೆಯಿಂದ ಗೋಡೆಗೆ ಓಡುತ್ತವೆ. ಉದ್ದಕ್ಕೆ ಕಟ್ಟಿದವು ಬಹುಪಾಲು ಬಿರುಕು ತಡೆಯುವುದಕ್ಕಾಗಿ. ಈಗ ಹತ್ತು ಅಡಿಯ ಕಂಡಿಯನ್ನು ಉದ್ದಕ್ಕೆ ಕೊರೆದರೆ ಹತ್ತು ಅಡಿಯೊಳಗಿನ ಮುಖ್ಯ ಕಂಬಿಗಳೆಲ್ಲ ತುಂಡಾದಂತೆ. ಅದನ್ನೇ ಅಗಲಕ್ಕೆ ತಿರುಗಿಸಿದರೆ ಮೂರು ಅಡಿಯವು ಮಾತ್ರ ಹೋಗುತ್ತವೆ. ಎರಡರಲ್ಲಿಯೂ ಕೊರೆಯುವ ಮೊದಲೇ ಕೆಳಗೆ ಆಸರೆ ನಿಲ್ಲಿಸಿ, ಕಂಡಿಯ ಅಂಚುಗಳಿಗೆ ತೊಲೆ ಕೊಡಬೇಕು. ಬಾಲ್ಕನಿಯಲ್ಲಂತೂ ಇದೆಲ್ಲ ತಲೆಕೆಳಗು. ಅಲ್ಲಿ ಹಿಗ್ಗುವುದು ಮೇಲ್ಮೈ, ಕಂಬಿ ಇರಬೇಕಾದುದೂ ಮೇಲೆಯೇ. ಕಾಂಕ್ರೀಟು ಸುರಿಯುವಾಗ ಅದನ್ನು ಯಾರಾದರೂ ತುಳಿದು ಕೆಳಗಿಳಿಸಿದರೆ ತಂದೆಯವರ ಬಾಯಿಂದ ಬರುವ ಮಾತುಗಳನ್ನು ಈ ಸಂಚಿಕೆಯಲ್ಲಿ ಅಚ್ಚು ಮಾಡಲಾಗದು.

ಯಜಮಾನರು ಬೇರೊಬ್ಬರನ್ನು ಹಿಡಿದು ಯಂತ್ರದಿಂದ ಕೊರೆಸಿದರು, ಉದ್ದಕ್ಕೇ. ಎರಡನೆಯ ದಿನ ಸಂಜೆ ಕಂಡಿಯ ಮೂಲೆಗಳಿಂದ ಬಿರುಕು ಹೊರಟು, ತಾರಸಿ ಬೆರಳಗಲ ಜಗ್ಗಿತು. ರಾತ್ರಿ ಅವರೇ ನಮ್ಮ ಮನೆಯ ಬಾಗಿಲಿಗೆ ಬಂದರು. ತಂದೆಯವರು ಮಾತನಾಡದೆ ಎದ್ದು, ಸೆಂಟ್ರಿಂಗಿನವರಿಂದ ಸರ್ವೆ ಗಳಗಳನ್ನು ಬಾಡಿಗೆಗೆ ತಂದು, ಬೆಳಗಾಗುವುದರೊಳಗೆ ಊರುಕೊಟ್ಟರು. ಗಳ ಹಿಡಿದುಕೊಳ್ಳಲು ನಾನೂ ಇದ್ದೆ. ಮೇಲಿನಿಂದ ಚೂರುಗಳು ಉದುರುವ ಸದ್ದು ಈಗಲೂ ಕಿವಿಯಲ್ಲಿದೆ.

ಮರುದಿನ ಎಂಜಿನಿಯರರು ಬಂದರು. ಒಡೆಯದೆಯೇ ಕಂಬಿಯ ಜಾಗ, ಆಳಗಳನ್ನು ತೋರಿಸುವ ಕಾಂತಶಕ್ತಿಯ ಉಪಕರಣ, ತಾರಸಿಗೆ ಬಡಿದು ಪುಟಿಯುವ ಸ್ಪ್ರಿಂಗಿನ ಸುತ್ತಿಗೆ, ಇವನ್ನು ನಾನು ಕಂಡದ್ದು ಆಗಲೇ. ಹೊಸದಾಗಿ ಒಡೆದ ಮುಖಕ್ಕೆ ಅವರು ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರು. ಕ್ಷಾರವುಳಿದ ಕಡೆ ಗುಲಾಬಿ ಬಣ್ಣ ಬಂದಿತು. ಹೊರ ಅಂಚು ಬಣ್ಣವೇರದೆ ಉಳಿಯಿತು. ಕಾಂಕ್ರೀಟಿನ ಕ್ಷಾರಗುಣವೇ ಕಂಬಿಗೆ ಕಾವಲು. ಗಾಳಿಯ ಇಂಗಾಲದ ಡೈಆಕ್ಸೈಡು ವರ್ಷಾನುಗಟ್ಟಲೆ ಒಳನುಗ್ಗಿ ಅದನ್ನು ಕಳೆದರೆ, ತೇವ ತಗುಲಿದ ಕಂಬಿ ತುಕ್ಕು ಹಿಡಿದು ಉಬ್ಬಿ, ಕೆಳಗಿನ ಹೊದಿಕೆಯನ್ನು ಒಡೆದು ಉದುರಿಸುತ್ತದೆ.

ಭಾರದ ಲೆಕ್ಕ ನನಗೆ ಇನ್ನೂ ಆಶ್ಚರ್ಯಕರವಾಗಿತ್ತು. ಐದು ಅಂಗುಲದ ತಾರಸಿಯ ಸ್ವಂತ ತೂಕವೇ ಚದರ ಮೀಟರಿಗೆ 300 ಕಿಲೋಗ್ರಾಂ ಮೀರುತ್ತದೆ. ವಾಸದ ಕೋಣೆಯಲ್ಲಿ ಜನ, ಸಾಮಾನುಗಳಿಗೆಂದು ಭಾರತೀಯ ಮಾನಕ 875 ಇಟ್ಟುಕೊಳ್ಳುವುದು ಸುಮಾರು 200. ಆ ಯಜಮಾನರು ಹಳೆಯ ಮೊಸಾಯಿಕ್ಕಿನ ಮೇಲೆಯೇ ಎರಡು ಅಂಗುಲ ಗಾರೆ ಹಾಕಿ ಗ್ರಾನೈಟು ಹಾಸಿದ್ದರು. ಅದೊಂದೇ 100ಕ್ಕಿಂತ ಹೆಚ್ಚು. ಇಲ್ಲಿ ನಮ್ಮ ಅಧ್ಯಾಪಕರಿಗೂ ಒಂದು ಮಾತು: ತರಗತಿಯ ಕೋಣೆಗೆ ಇದೇ ಲೆಕ್ಕ ಸುಮಾರು 300, ಗ್ರಂಥಾಲಯದ ಪುಸ್ತಕ ಜೋಡಿಸುವ ಕೋಣೆಗೆ 600. ಮಹಡಿಯ ತರಗತಿಯನ್ನು ಪುಸ್ತಕಭಂಡಾರವನ್ನಾಗಿ ಮಾಡುವ ಮೊದಲು ಯಾರನ್ನಾದರೂ ಕೇಳಬೇಕಷ್ಟೆ.

ಇಂಥ ಬದಲಾವಣೆಗಳು ಒಂದರ ಮೇಲೊಂದು ಕೂಡಿದರೆ ಏನಾಗಬಹುದೆಂಬುದಕ್ಕೆ ದಕ್ಷಿಣ ಕೊರಿಯಾದ ಸೋಲ್ ನಗರದ ಸಾಂಪುಂಗ್ ಮಳಿಗೆ ಸಾಕ್ಷಿ. ಅಲ್ಲಿ ತೊಲೆಗಳಿಲ್ಲದೆ ನೆಲಹಾಸುಗಳು ನೇರವಾಗಿ ಕಂಬಗಳ ಮೇಲೆ ಕುಳಿತಿದ್ದವು. ಕಂಬಗಳು ಮೂಲ ನಕ್ಷೆಗಿಂತ ತೆಳುವಾಗಿದ್ದವು. ಐದನೆಯ ಅಂತಸ್ತನ್ನು ಕೂಡಿಸಿ, ಅದನ್ನು ಭೋಜನಶಾಲೆಗಳಿಗೆ ಕೊಟ್ಟು, ನೆಲವನ್ನು ಬೆಚ್ಚಗಿಡುವ ದಪ್ಪ ಹಾಸನ್ನು ಹಾಕಿದರು. ತಾರಸಿಯ ಮೇಲಿನ ಹವಾನಿಯಂತ್ರಣದ ಭಾರಿ ಯಂತ್ರಗಳನ್ನು ಎತ್ತದೆ ಎಳೆದು ಸ್ಥಳಾಂತರಿಸಿದರು. 1995ರ ಜೂನ್ 29ರಂದು ಬಿರುಕುಗಳನ್ನು ಕಂಡ ಮೇಲೂ ವ್ಯಾಪಾರ ನಿಲ್ಲಿಸಲಿಲ್ಲ. ಆ ಸಂಜೆ ಕಟ್ಟಡ ಕುಸಿದು 502 ಜನ ಸತ್ತರು.

ನಮ್ಮೂರಿನ ಮನೆ ಉಳಿಯಿತು. ಕಂಡಿಯ ಅಂಚಿನ ಕೆಳಗೆ ಉಕ್ಕಿನ ತೊಲೆಗಳನ್ನು ಗೋಡೆಯಿಂದ ಗೋಡೆಗೆ ಕೂರಿಸಿ, ಸಂದುಗಳನ್ನು ಕುಗ್ಗದ ಗಾರೆಯಿಂದ ತುಂಬಿದರು. ಕೊನೆಗೆ ಮರಳಿನ ಮೂಟೆ ಪೇರಿಸಿ ಭಾರಪರೀಕ್ಷೆ ನಡೆಯಿತು. ಜನ, ಸಾಮಾನುಗಳಿಗೆಂದು ಹಿಡಿದ ಭಾರದ ಒಂದೂಕಾಲು ಪಾಲನ್ನು 24 ಗಂಟೆ ಇಟ್ಟು ತೆಗೆಯಬೇಕು. ಮುಂದಿನ 24 ಗಂಟೆಗಳಲ್ಲಿ ಬಾಗಿದುದರ ನೂರಕ್ಕೆ 75 ಪಾಲಾದರೂ ಹಿಂದಕ್ಕೆ ಬರಬೇಕೆಂಬುದು ಮಾನಕ 456ರ ನಿಯಮ. ಬಂದಿತು. ತಂದೆಯವರು ಹೊಸ್ತಿಲಲ್ಲಿ ನಿಂತು ಅಳತೆಯ ಮುಳ್ಳನ್ನೇ ನೋಡುತ್ತಿದ್ದರು. ಆ ಎರಡು ತಿಂಗಳ ಸರ್ವೆ ಗಳಗಳ ಬಾಡಿಗೆ ಮಾತ್ರ ಯಜಮಾನರಿಂದ ಇನ್ನೂ ಬಂದಿಲ್ಲ.